ನಾಗಪ್ಪನ ಲೆಕ್ಕಕ್ಕೆ ಹಚ್ಚಿದ್ದು

ವೈಕುಂಠ ಸಮಾರಾಧನೆ ಮುಗಿದು, ಕೊನೆಯ ನೆಂಟರೂ ಸಂಜೆಯ ಬಸ್ಸಿಗೆ ಹೋದ ಮೇಲೆ, ಧಾರವಾಡದ ಮಾಳಮಡ್ಡಿಯ ಆ ಮನೆಯಲ್ಲಿ ನಾಲ್ಕು ಜನ ಉಳಿದರು. ಮರುದಿನ ಬೆಳಿಗ್ಗೆ ಗೋದಾಬಾಯಿ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಒಗ್ಗರಣೆಯ ಜೊತೆಗೇ ಉಪ್ಪನ್ನೂ ಹಾಕಿದರು.

ಮೂರು ವರ್ಷದಿಂದ ಆ ಮನೆಯ ಬಾಣಲೆಗೆ ಉಪ್ಪು ಬಿದ್ದಿರಲಿಲ್ಲ. ಮಗ ಮಿಲಿಂದನ ಎರಡೂ ಕಿಡ್ನಿಗಳು ಕೈಬಿಟ್ಟ ದಿನದಿಂದ ಅಡಿಗೆಯೆಲ್ಲ ಸಪ್ಪಗೆ ಆಗುತ್ತಿತ್ತು. ಬೇಕಾದವರು ತಮ್ಮ ತಮ್ಮ ತಾಟಿನಲ್ಲಿ ಕಲಸಿಕೊಳ್ಳುವುದು ರೂಢಿಯಾಗಿತ್ತು. ಆ ರೂಢಿಯಂತೆ ರಮಾಕಾಂತರಾಯರು ಉಪ್ಪಿನ ಬಟ್ಟಲಿಗೆ ಕೈ ಹಾಕಿದರು. ಮಗಳು ಋತುಜಾ ಹಾಕಿದಳು. ಸೊಸೆ ಪ್ರಾಚಿಯೂ ಹಾಕಿದಳು. ಮೊದಲ ತುತ್ತು ಬಾಯಿಗೆ ಹೋದ ಮೇಲೆ ಮೂವರೂ ತಲೆ ತಗ್ಗಿಸಿದರು.

"ನಾ ಆಗಲೇ ಹಾಕೇನಿ," ಎಂದರು ಗೋದಾಬಾಯಿ. "ಇನ್ನ ಯಾರ ಸಲುವಾಗಿ ಸಪ್ಪಂದು ಮಾಡ್ಲಿ?"

ಯಾರೂ ತಾಟು ಸರಿಸಲಿಲ್ಲ. ಎಲ್ಲ ತಿಂದು, ತಂಬಿಗೆಗಟ್ಟಲೆ ನೀರು ಕುಡಿದು ಎದ್ದರು. ರಾಯರು ಪೇಪರು ಹಿಡಿದು ಕಟ್ಟೆಗೆ ಹೋದರು. ಋತುಜಾ ಡಬ್ಬಿ ಕಟ್ಟಿಕೊಂಡು ಹುಬ್ಬಳ್ಳಿಯ ಸಹಕಾರಿ ಬ್ಯಾಂಕಿನ ಕೆಲಸಕ್ಕೆ ಹೊರಟಳು. ಪ್ರಾಚಿ ಹಿತ್ತಲಿನಿಂದ ಒಂದೊಂದೇ ಕೊಡ ನೀರು ತಂದು ಒಳಗಿಟ್ಟಳು. ಗೋದಾಬಾಯಿ ಭಾರ ಎತ್ತುವಂತಿರಲಿಲ್ಲ. ಮಗನಿಗೆ ತಮ್ಮ ಎಡಗಿಡ್ನಿ ಕೊಟ್ಟು ಅವರಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಪಕ್ಕೆಯ ಹೊಲಿಗೆ ಎಳೆಯುತ್ತಿತ್ತು.

ಮಾತಾಡಿಸಲು ಬಂದವರ ಮುಂದೆಲ್ಲ ಅವರು ಹೇಳುವುದು ಒಂದೇ ಮಾತು. ತಮ್ಮದು ಅರವತ್ತು ವರ್ಷದ ಹಳೇ ಕಿಡ್ನಿ, ಅದು ಆ ಹುಡುಗನ ಮೈಗೆ ಹತ್ತಲಿಲ್ಲ. ರಾಯರಿಗೆ ಸಕ್ಕರೆ ಕಾಯಿಲೆ, ಋತುಜಾ ಮದುವೆಗೆ ನಿಂತ ಹುಡುಗಿ, ಪ್ರಾಚಿಯ ರಕ್ತದ ಗುಂಪು ಬೇರೆ. ಉಳಿದವರು ತಾವೊಬ್ಬರೇ, ಉಳಿದದ್ದೂ ಕೆಟ್ಟದ್ದೇ. ಕೇಳಿದವರು ಹಾಗನ್ನಬಾರದು ಎಂದು ಸಮಾಧಾನ ಮಾಡಿ ಚಹಾ ಕುಡಿದು ಹೋಗುತ್ತಿದ್ದರು. ಆ ಚಹಾ ತಂದು ಕೊಡುವವಳು ಪ್ರಾಚಿ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಪ್ರಾಚಿ, ಈಗ ಕೂಡು ಎಂದರೆ ಕೂಡುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು. ಮೂವತ್ತೊಂದರ ಹೆಂಗಸು ಅಳಲಿಲ್ಲವೆಂದು ಓಣಿಯಲ್ಲಿ ಮಾತಾಗಿತ್ತು.

ಅದೇ ವಾರ ಅತುಲನ ಮನೆಯಿಂದ ಫೋನು ಬಂತು. ಅತುಲ ಹುಬ್ಬಳ್ಳಿಯಲ್ಲಿ ರೈಲ್ವೆ ಕಚೇರಿಯ ನೌಕರ, ಋತುಜಾಳಿಗೆ ಗೊತ್ತಾದ ವರ. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು, ತಪ್ಪಿದರೆ ಮೂರು ವರ್ಷ ತಡೆಯಬೇಕು ಎಂಬುದು ಎರಡೂ ಮನೆಯವರು ಒಪ್ಪಿದ ಮಾತು. ಮೂರು ವರ್ಷ ತಡೆಯಲು ಅತುಲನ ತಾಯಿ ತಯಾರಿರಲಿಲ್ಲ. ಒಂದೂವರೆ ತಿಂಗಳ ಮುಂದಿನ ಮುಹೂರ್ತ ಗಟ್ಟಿಯಾಯಿತು.

ಎರಡು ದಿನ ಬಿಟ್ಟು ಪ್ರಾಚಿಗೆ ಆಸ್ಪತ್ರೆಯಿಂದ ಕರೆ ಬಂತು. ಮಾತಾಡಿದವರು ಡಾಕ್ಟರ್ ವಾಣಿಶ್ರೀ. ಆಪರೇಶನ್ನಿನ ದಿನ ಮಿಲಿಂದನಿಗೆ ಅರಿವಳಿಕೆ ಕೊಟ್ಟು ಆರು ತಾಸು ಅವನ ತಲೆಯ ಹತ್ತಿರ ಕೂತಿದ್ದವರು. ಫೋನಿನಲ್ಲಿ ಬೇಡ, ಬಂದು ಹೋಗ್ರಿ ಎಂದರು. ಪ್ರಾಚಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದಳು. ವಾರಕ್ಕೆ ಮೂರು ಸಲ ಗಂಡನ ಜೊತೆ ಡಯಾಲಿಸಿಸ್‌ಗೆ ಹೋಗುತ್ತಿದ್ದ ದಾರಿ. ನಿಲ್ದಾಣ ಬಂದಾಗ ಕಾಲು ತಾವೇ ಇಳಿದವು.

ವಾಣಿಶ್ರೀ ಮುಂದಿದ್ದ ರಿಪೋರ್ಟನ್ನು ಬದಿಗೆ ಸರಿಸಿ ಆವತ್ತಿನದೆಲ್ಲ ಹೇಳಿದರು. ಹೊಸ ಕಿಡ್ನಿಯ ನಾಳಗಳನ್ನು ಹೊಲಿದು, ಹಿಡಿದಿದ್ದ ಚಿಮಟ ಬಿಟ್ಟ ಕೂಡಲೇ ಅದು ಬೂದಿ ಬಣ್ಣದಿಂದ ಗುಲಾಬಿಗೆ ತಿರುಗಿತು. ಮೇಜಿನ ಮೇಲೆಯೇ ಮೂತ್ರ ಬಂತು. ಪೆನ್ನಿನಂಥ ಡಾಪ್ಲರ್ ಕಡ್ಡಿಯನ್ನು ನಾಳಕ್ಕೆ ತಾಗಿಸಿದಾಗ ರಕ್ತ ಹರಿಯುವ ಸದ್ದು ಕೋಣೆಗೆಲ್ಲ ಕೇಳಿತು. ಎಲ್ಲರೂ ನಕ್ಕರು. ಆದರೆ ಬದಿಯಲ್ಲಿ ಇನ್ನೊಂದು ಯಂತ್ರವಿತ್ತು. ರಕ್ತದ ಹನಿಯೊಂದು ಎಷ್ಟು ಬೇಗ, ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ ಎಂದು ಗೆರೆ ಬರೆದು ತೋರಿಸುವಂಥದು. ಕಿಡ್ನಿ ರೋಗಿಗಳ ರಕ್ತ ಸಾಮಾನ್ಯವಾಗಿ ಸೋರುತ್ತದೆ, ಹೆದರಿಕೆ ಅದರದೇ. ಮಿಲಿಂದನ ಗೆರೆ ಅಗಲವಾಗುತ್ತ ಹೋಯಿತು, ಅಂದರೆ ಅವನ ರಕ್ತ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು.

"ಹೆಪ್ಪು ತಡೆಯೋ ಔಷಧ ಜಾಸ್ತಿ ಕೊಟ್ರ ಹೊಸಾ ಹೊಲಿಗಿಯೆಲ್ಲಾ ಸೋರತಾವ. ಕೊಡದಿದ್ರ ನಾಳ ಮುಚ್ಚತದ. ನಾವು ಸ್ವಲ್ಪ ಕೊಟ್ಟಿವಿ," ಎಂದರು ವಾಣಿಶ್ರೀ. "ಆ ರಕ್ತಕ್ಕ ಅದು ಸಾಲಲಿಲ್ಲ."

ಹೊಟ್ಟೆ ಮುಚ್ಚುವ ಹೊತ್ತಿಗೆ ಸದ್ದು ಬದಲಾಯಿತು. ಮತ್ತೆ ತೆರೆದು, ಹೊರಹೋಗುವ ನಾಳದಲ್ಲಿ ಕೂತಿದ್ದ ಗಡ್ಡೆ ತೆಗೆದರು, ಹರಿವು ಬಂತು. ಮೂರನೆಯ ದಿನ ಕಾಲಿನಲ್ಲಿ ಕಟ್ಟಿದ್ದ ಇನ್ನೊಂದು ಗಡ್ಡೆ ಶ್ವಾಸಕೋಶಕ್ಕೆ ಹೋಯಿತು. ಮೂರನೆಯ ದಿನದ್ದು ಪ್ರಾಚಿಗೆ ಗೊತ್ತಿತ್ತು. ಅವಳು ಅಲ್ಲೇ ಇದ್ದಳು.

ಆವತ್ತು ತೆಗೆದ ರಕ್ತ ದೂರದ ಲ್ಯಾಬಿಗೆ ಹೋಗಿ ಈಗ ಉತ್ತರ ಬಂದಿತ್ತು. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಅಂಶವೊಂದು ಮಿಲಿಂದನಿಗೆ ಹುಟ್ಟಿನಿಂದಲೇ ಕಡಿಮೆ. ಅದು ವಂಶದಲ್ಲಿ ಇಳಿದು ಬರುವಂಥದು.

"ಮದಲೇ ಗೊತ್ತಿದ್ರ?" ಎಂದಳು ಪ್ರಾಚಿ.

"ಬ್ಯಾರೆ ತಯಾರಿ ಮಾಡ್ಕೋತಿದ್ವಿ. ಉಳೀತಿದ್ರು ಅಂತ ನಾ ಹೇಳೂದಿಲ್ಲ. ಡಯಾಲಿಸಿಸ್ ಕೈಯಾಗಿನ ನಾಳ ಎರಡು ಸಲ ಮುಚ್ಚಿತ್ತಲ್ಲಾ, ಅದಕ್ಕ ನಿಮ್ಮ ಮಾವನವರನ್ನ ನಾನೇ ಕೇಳಿದ್ದೆ. ಮನಿತನದಾಗ ಯಾರಿಗರೆ ಕಾಲಾಗ ರಕ್ತ ಕಟ್ಟಿತ್ತೇನು, ಯಾವ ಹೆಣ್ಮಗಳಿಗರೆ ಬಸಿರು ಮ್ಯಾಲಿಂದ ಮ್ಯಾಲೆ ಹೋಗಿದ್ವೇನು ಅಂತ. ಎರಡು ಸಲ ಕೇಳಿದೆ. ಎರಡೂ ಸಲ ಇಲ್ಲ ಅಂದ್ರು."

ಮಿಲಿಂದನ ತಂಗಿಯ ರಕ್ತವನ್ನು ತಪ್ಪದೆ ನೋಡಿಸಬೇಕು, ಅಲ್ಲಿಯವರೆಗೆ ಮುಟ್ಟು ಮುಂದೂಡುವ ಗುಳಿಗೆ, ಬಸಿರು ತಡೆಯುವ ಗುಳಿಗೆ ಯಾವುದನ್ನೂ ಕೊಡಬಾರದು, ಒಂದು ಕಾಲಷ್ಟೇ ಬಾತರೆ ಓಡಿ ಬರಬೇಕು ಎಂದು ಹೇಳಿ ಕಳಿಸಿದರು.

ಪ್ರಾಚಿ ಮನೆಗೆ ಬಂದಾಗ ರಾಯರು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದರು. ಗೋದಾಬಾಯಿ ಒಳಗೆ ಮಲಗಿದ್ದರು. ಪ್ರಾಚಿ ಎದುರಿಗೆ ಕೂತು ಎಲ್ಲ ಹೇಳಿದಳು. ಗಂಡ ಕರೆಯುತ್ತಿದ್ದ ಹಾಗೆಯೇ ಅವಳೂ ಅವರನ್ನು ಅಪ್ಪಾ ಎನ್ನುತ್ತಿದ್ದಳು.

"ಮನಿತನದಾಗ ಯಾರಿಗೂ ಇಲ್ಲ," ಎಂದರು ರಾಯರು.

"ವೇಣೂ ಅತ್ಯಾ?"

ವೇಣೂಬಾಯಿ ರಾಯರ ಅಕ್ಕ. ಹದಿನೆಂಟಕ್ಕೆ ಮದುವೆಯಾಗಿ ಹೋದವರಿಗೆ ನಾಲ್ಕು ಬಸಿರು ಒಂದರ ಹಿಂದೊಂದು ಹೋದವು. ನಾಲ್ಕನೆಯದರ ಬೆನ್ನಿಗೆ ಎಡಗಾಲು ಕಂಬದಂತೆ ಬಾತಿತು. ಗಂಡನ ಮನೆಯವರು ಆರೈಕೆಗೆಂದು ಹೇಳಿ ತವರಿಗೆ ತಂದು ಬಿಟ್ಟರು, ಮತ್ತೆ ಕರೆಯಲಿಲ್ಲ. ಆಗ ಹಿರಿಯರು ಕರೆಸಿದ ಶಾಸ್ತ್ರಿಗಳು ಕವಡೆ ಹಾಕಿ, ಯಾವ ಕಾಲದಲ್ಲೋ ಮನೆಯ ಪಾಯ ತೋಡುವಾಗ ಹುತ್ತ ಕಡಿದಿದ್ದೀರಿ, ಇದು ನಾಗದೋಷ ಎಂದರು. ಅರಳಿ ಮರದ ಬುಡಕ್ಕೆ ನಾಗರ ಕಲ್ಲು ಕೂಡ್ರಿಸಿ, ನೂರು ಜನಕ್ಕೆ ಊಟ ಹಾಕಿ, ಅದನ್ನು ಮುಗಿಸಿದರು. ಯಾರಾದರೂ ಕಾಲಿನ ಬಗ್ಗೆ ಕೇಳಿದರೆ ಹೊಸ್ತಿಲು ಎಡವಿದ್ದು ಎನ್ನಬೇಕು ಎಂದು ಮನೆಯಲ್ಲಿ ಮಾತಾಯಿತು. ವೇಣೂಬಾಯಿ ಗರಗಕ್ಕೆ ಹೋಗಿ ಖಾದಿ ಕೇಂದ್ರದಲ್ಲಿ ನೂಲುವ ಕೆಲಸ ಹಿಡಿದರು.

"ಅದು ದೋಷ ಇತ್ತಲ್ಲವಾ," ಎಂದರು ರಾಯರು. "ಡಾಕ್ಟರು ರೋಗ ಕೇಳಿದ್ರು."

ಪ್ರಾಚಿ ಅವರ ಮುಖ ನೋಡಿದಳು. ಸುಳ್ಳು ಹೇಳುವ ಮುಖವಲ್ಲ ಅದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಟ್ಟಿದ್ದರು. ಹೇಳಿ ಮುಗಿಸಿದ ಮೇಲೆ ಅಕ್ಕಿಯಲ್ಲಿ ಓಡುತ್ತಿದ್ದ ಅವರ ಬೆರಳು ನಿಂತವು. ಮೊರವನ್ನು ಕೆಳಗಿಟ್ಟರು.

"ಋತುಜಾಂದು ಮದುವಿ ಆಗ್ಲಿ," ಎಂದರು ಕೊನೆಗೆ. "ಆಮ್ಯಾಲ ತೋರಸೋಣು."

"ಅಲ್ಲೀತನಕಾ ಏನರೆ ಆದ್ರ?"

"ಒಂದೂವರಿ ತಿಂಗಳದಾಗ ಏನಾಗ್ತದ? ಈಗ ಈ ಮಾತು ಹೊರಗ ಬಿದ್ರ ಆ ಮನ್ಯಾವ್ರು ಒಂದು ದಿನಾ ನಿಂದರೂದಿಲ್ಲ. ಗೋದಾಗೂ ಹೇಳಬ್ಯಾಡ. ಆಕಿ ಬಾಯಾಗ ನಿಂದರೂದಿಲ್ಲ."

ಪ್ರಾಚಿ ಮೊರ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ವಾದ ಮಾಡುವ ಕಸುವು ಅವಳಲ್ಲಿರಲಿಲ್ಲ.

ಮದುವೆಯ ಓಡಾಟ ಶುರುವಾಯಿತು. ಸಾವಾದ ಮನೆಯಲ್ಲಿ ಹಪ್ಪಳ, ಶ್ಯಾವಿಗೆ ಒತ್ತಬಾರದೆಂದು ಅವನ್ನೆಲ್ಲ ಹೊರಗೆ ಹೇಳಿದರು. ಸೀರೆಗೆ ಹುಬ್ಬಳ್ಳಿ, ಪಾತ್ರೆಗೆ ಹುಬ್ಬಳ್ಳಿ, ಕರೆಯೋಲೆ ಬೇಡ, ಫೋನೇ ಸಾಕು. ಕಾಲೇಜಿಗೆ ಹೋಗಿ ಬಂದು ಪ್ರಾಚಿ ಭಾಂಡಿ ಬೆಳಗಿದಳು, ಕಸ ಹೊಡೆದಳು, ಅತ್ತೆಯ ಹೊಲಿಗೆಗೆ ಮುಲಾಮು ಹಚ್ಚಿದಳು. ಒಂದು ಸಂಜೆ ಅರಿಶಿಣ ಹಚ್ಚುವಾಗ ಪ್ರಾಚಿ ಎಲ್ಲಿ ನಿಲ್ಲಬೇಕು ಎಂಬ ಮಾತು ಬಂತು. ಗೋದಾಬಾಯಿ ಒಳಗೇ ಇದ್ದು ಕೆಲಸ ನೋಡಿಕೊಂಡರೆ ಛಲೋ ಎಂದರು.

"ವೈನಿ ನಿಂದರದಿದ್ರ ನಾನೂ ನಿಂದರೂದಿಲ್ಲ," ಎಂದಳು ಋತುಜಾ.

"ನಾ ಬ್ಯಾಡ ಅಂದೆನೇನು? ಮಂದಿ ಅಂತಾರ ಅಂದೆ."

"ಮಂದಿ ಅಂದ್ರ ಯಾರು? ಹೆಸರು ಹೇಳು."

"ನಿನ್ನ ಆಗೋ ಅತ್ತಿ, ಮದಲ," ಎಂದರು ಗೋದಾಬಾಯಿ. ಋತುಜಾ ನಕ್ಕಳು. ಗೋದಾಬಾಯಿಗೂ ನಗೆ ಬಂತು; ನಕ್ಕರೆ ಪಕ್ಕೆ ನೋಯುತ್ತದೆಂದು ಕೈಯೊತ್ತಿ ಹಿಡಿದರು. ಪ್ರಾಚಿ ಬೀನ್ಸಿನ ನಾರು ಬಿಡಿಸುತ್ತ ಕೂತಿದ್ದಳು. ಎಲ್ಲಿ ನಿಂತರೂ ಅವಳಿಗೆ ಒಂದೇ.

ಇನ್ನೊಂದು ದಿನ ಋತುಜಾ ಬ್ಯಾಂಕಿನಿಂದ ಬಂದು ಮೀನಖಂಡ ಹಿಡಿದಿದೆ ಎಂದಳು. ಗೋದಾಬಾಯಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ತಿಕ್ಕತೊಡಗಿದರು. ಪ್ರಾಚಿ ಒಳಗಿನಿಂದ ಓಡಿ ಬಂದು ಅತ್ತೆಯ ಕೈ ಹಿಡಿದುಬಿಟ್ಟಳು.

"ಯಾವ ಕಾಲು?" ಎಂದಳು.

"ಎರಡೂ. ಬಸ್ಸಿನ್ಯಾಗ ನಿಂತು ನಿಂತು. ಯಾಕ ವೈನಿ?"

ಏನೂ ಇಲ್ಲವೆಂದು ಪ್ರಾಚಿ ಒಳಗೆ ಹೋದಳು. ಹಿಂದೆ ಗೋದಾಬಾಯಿ, ಈ ಹುಡುಗಿಗೆ ತಲಿ ನೆಟ್ಟಗ ಉಳದದೋ ಇಲ್ಲೋ ಎಂದು ಗೊಣಗಿದ್ದು ಕೇಳಿಸಿತು. ನೋವು ಎರಡು ದಿನದಲ್ಲಿ ಹೋಯಿತು. ರಾಯರು ಆ ಎರಡು ದಿನ ಮಗಳು ನಡೆದಾಡುವುದನ್ನೇ ನೋಡುತ್ತಿದ್ದರು. ಸೊಸೆಯ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮದುವೆಗೆ ಎರಡು ವಾರ ಉಳಿದಾಗ, ಒಂದು ರವಿವಾರ, ಗೋದಾಬಾಯಿ ಕ್ಯಾಲೆಂಡರು ತೆಗೆದು ಬೆರಳು ಎಣಿಸಿದರು. ದೇವರ ಕಾರ್ಯದ ದಿನವೇ ಋತುಜಾ ಹೊರಗೆ ಆಗುವ ಲೆಕ್ಕ ಬಂತು. ಕಪಾಟಿನಿಂದ ಖಾಲಿ ಗುಳಿಗೆ ಪಟ್ಟಿಯೊಂದನ್ನು ತಂದು ಪ್ರಾಚಿಯ ಕೈಗಿಟ್ಟರು.

"ಇಂಥಾವೇ ಎರಡು ಪಟ್ಟಿ ತೊಗೊಂಡು ಬಾ. ಸಮಾರಾಧನಿಗೂ ಇದನ್ನೇ ಕೊಟ್ಟಿದ್ದೆ, ಛಲೋ ತಡೀತು. ಈ ಸಲ ಎಂಟು ದಿನಾ ಜಾಸ್ತಿ ನುಂಗಲಿ. ಮದುವಿ ಆದ ಮ್ಯಾಲ ಅವರ ಮನ್ಯಾಗ ಸತ್ಯನಾರಾಯಣ ಅದ."

ಪ್ರಾಚಿ ಪಟ್ಟಿಯನ್ನು ತಿರುಗಿಸಿ ನೋಡಿದಳು. ಗಂಡನ ಹದಿಮೂರು ದಿನಗಳಲ್ಲಿ, ಇದೇ ಮನೆಯಲ್ಲಿ, ಅವನ ತಂಗಿ ದಿನಕ್ಕೆ ಮೂರರಂತೆ ಇವನ್ನು ನುಂಗಿದ್ದಳು. ಅವಳು ಚಪ್ಪಲಿ ಮೆಟ್ಟಿ ಮೂಲೆಯ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಪಟ್ಟಿ ನೋಡಿ ಏನೂ ಕೇಳದೆ ಎರಡು ತೆಗೆದು ಗಾಜಿನ ಮೇಲಿಟ್ಟ. ಪ್ರಾಚಿ ಬೇಡವೆಂದು ಹೇಳಿ ತಿರುಗಿ ಬಂದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಚಪಾತಿ, ಬದನೆಕಾಯಿ ಪಲ್ಯ ಆಗಿತ್ತು. ಗೋದಾಬಾಯಿ ಅನ್ನಕ್ಕೆ ಹುಳಿ ಬಡಿಸುತ್ತಿದ್ದರು.

"ಗುಳಿಗಿ ತಂದೇನು?"

"ಇಲ್ಲ."

"ಅಂಗಡಿ ಮುಚ್ಚಿತ್ತೇನು?"

"ತೆರದಿತ್ತು. ನಾ ತರಲಿಲ್ಲ. ಋತುಜಾ ಆ ಗುಳಿಗಿ ತೊಗೋಬಾರದು ಅವ್ವಾ."

ರಾಯರು ತಾಟಿನಿಂದ ತಲೆ ಎತ್ತದೆ "ಪ್ರಾಚಿ" ಎಂದರು. ತಡೆಯುವ ದನಿ. ಪ್ರಾಚಿ ನಿಲ್ಲಲಿಲ್ಲ. ವಾಣಿಶ್ರೀ ಹೇಳಿದ್ದನ್ನು ಅವರು ಹೇಳಿದ ಕ್ರಮದಲ್ಲೇ, ಪಾಠ ಒಪ್ಪಿಸಿದಂತೆ ಹೇಳಿದಳು. ಮಿಲಿಂದನ ರಕ್ತದಲ್ಲಿ ಏನು ಕಡಿಮೆಯಿತ್ತು, ಅದು ಎಲ್ಲಿಂದ ಬಂತು, ಮಾವನವರನ್ನು ಡಾಕ್ಟರು ಏನು ಕೇಳಿದ್ದರು, ಯಾರಿಗೆಲ್ಲ ಇರಬಹುದು, ಇದ್ದವರು ಈ ಗುಳಿಗೆ ನುಂಗಿದರೆ ಏನಾಗಬಹುದು.

ಗೋದಾಬಾಯಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು.

"ಅವನ ರಕ್ತದಾಗೇನು? ನನ್ನ ಕಿಡ್ನಿದಾಗಲ್ಲಾ?"

"ನಿಮ್ಮ ಕಿಡ್ನಿ ಛಲೋ ಇತ್ತು. ಕೂಡಿಸಿದ ಕೂಡ್ಲೆ ಗುಲಾಬಿ ಬಣ್ಣಕ್ಕ ತಿರುಗಿತಂತ. ಮೇಜಿನ ಮ್ಯಾಲೇ ಮೂತ್ರ ಬಂತಂತ. ರಕ್ತ ಹರಿಯೋ ಸಪ್ಪಳ ಎಲ್ಲಾರೂ ಕೇಳ್ಯಾರ."

"ಯಾವಾಗ ಗೊತ್ತಾತು ಇದು?"

"ಸಮಾರಾಧನಿ ಆದ ವಾರದಾಗ."

ಗೋದಾಬಾಯಿ ಎಡಗೈಯನ್ನು ಪಕ್ಕೆಯ ಮೇಲಿಟ್ಟುಕೊಂಡು ಅಲ್ಲೇ ಕೂತರು. "ತಿಂಗಳಾತು. ಬಂದವರ ಮುಂದೆಲ್ಲಾ ನನ್ನ ಒಡಲಿಗೆ ನಾನೇ ಬೈಕೋತ ಕೂತೆ. ನೀ ಚಹಾ ತಂದು ಕೊಟ್ಟಿ, ಕೇಳಿದಿ, ಕಪ್ಪು ತೊಗೊಂಡು ಒಳಗ ಹ್ವಾದಿ."

"ಅಪ್ಪಾ ಬ್ಯಾಡ ಅಂದ್ರು."

"ಅವರು ಬ್ಯಾಡಂದ್ರು, ನೀ ಬಿಟ್ಟಿ. ಇಷ್ಟು ಓದಿದಾಕಿ." ಗಂಡನ ಕಡೆ ತಿರುಗಿದರು. "ಡಾಕ್ಟರು ಕೇಳಿದಾಗ ನಿಮಗ ವೇಣಕ್ಕನ ಕಾಲು ನೆನಪಾಗಲಿಲ್ಲೇನು?"

"ಅದು ದೋಷ ಅಂತ ತಿಳಕೊಂಡಿದ್ದೆ ಗೋದಾ."

"ಹೌದು. ನನ್ನ ಕೇಳಿದ್ರೂ ಹಂಗೇ ಅಂತಿದ್ದೆನೋ ಏನೋ." ಅವರ ದನಿ ಇಳಿಯಿತು. "ಆದ್ರ ತಿಳದ ಮ್ಯಾಲೂ ಮುಚ್ಚಿಟ್ರೆಲ್ಲಾ. ಅದಕ್ಕೇನು ಅನ್ನೂಣು?"

ಋತುಜಾ ತಾಟಿನಲ್ಲೇ ಕೈ ತೊಳೆದಳು. ಆ ಮನೆಯಲ್ಲಿ ಯಾರೂ ಹಾಗೆ ಮಾಡುತ್ತಿರಲಿಲ್ಲ.

"ನನ್ನ ಮೈಯಾಗಿನ ರಕ್ತದ ಮಾತಿದು," ಎಂದಳು. "ಅಪ್ಪಗ ಗೊತ್ತು, ವೈನಿಗೆ ಗೊತ್ತು. ನಾ ಒಬ್ಬಾಕಿ ಸೀರಿಗೆ ಫಾಲ್ ಹಚ್ಚಿಸಿಕೋತ ತಿರುಗಿದೆ."

"ಗೊತ್ತಾದ ಮದುವಿ ಮುರದು ಬಿದ್ರ ಮತ್ತ ಯಾರು ಕೂಡಸತಾರ ತಾಯಿ?" ಎಂದರು ರಾಯರು. "ಅದಕ್ಕ ಹೆದರಿದೆ."

"ಮದುವಿ ಮುರದ್ರ ಮತ್ತೊಂದು ನೋಡಬಹುದಿತ್ತು ಅಪ್ಪಾ. ಅಣ್ಣನ್ನ ಎಲ್ಲಿಂದ ತರತೀರಿ?"

ರಾಯರು ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದು ಹೋದರು.

ಆ ವಾರವೆಲ್ಲ ಗೋದಾಬಾಯಿ ಗಂಡನ ಜೊತೆ ಮಾತಾಡಲಿಲ್ಲ. ತಾಟು ಇಡುತ್ತಿದ್ದರು, ಬಡಿಸುತ್ತಿದ್ದರು, ಸಾಕೆಂದು ಅವರು ಕೈ ಅಡ್ಡ ಹಿಡಿಯುವ ತನಕ ಬಡಿಸುತ್ತಲೇ ಇರುತ್ತಿದ್ದರು. ಪ್ರಾಚಿಯ ಜೊತೆ ಮಾತಾಡಿದರು, ಕೆಲಸದ್ದಷ್ಟೇ. ಆದರೆ ಬಂದವರ ಮುಂದೆ ಕಿಡ್ನಿಯ ಮಾತು ನಿಂತಿತು. ಒಂದು ದಿನ ಪ್ರಾಚಿ ಮುಲಾಮು ಹಚ್ಚುವಾಗ, ಗುಲಾಬಿ ಎಂದರೆ ಎಂಥಾ ಗುಲಾಬಿ, ತಿಳಿಯೋ ಗಾಢವೋ ಎಂದು ಕೇಳಿದರು. ತಾನು ಕೇಳಲಿಲ್ಲ, ಡಾಕ್ಟರನ್ನು ಕೇಳಿ ಬರುತ್ತೇನೆ ಎಂದಳು ಪ್ರಾಚಿ.

ಋತುಜಾಳನ್ನು ಕರೆದುಕೊಂಡು ಪ್ರಾಚಿಯೇ ಆಸ್ಪತ್ರೆಗೆ ಹೋದಳು. ಹೋಗುವಾಗ ನಾದಿನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೆಲವೇ ದಿನಗಳಲ್ಲಿ ರಕ್ತದ ಉತ್ತರ ಬಂದಿದೆಯೆಂದು ಇಬ್ಬರೂ ಮತ್ತೆ ಹೋದರು, ಅದರಲ್ಲಿ ಅಣ್ಣನಿಗಿದ್ದದ್ದೇ ಇತ್ತು. ವಾಣಿಶ್ರೀ ಹೆದರಿಸಲಿಲ್ಲ. ಆ ಗುಳಿಗೆಗಳು ಎಂದೂ ಬೇಡ. ಬಸಿರಾದರೆ ಮೊದಲ ದಿನದಿಂದ ಹೊಟ್ಟೆಗೆ ಸಣ್ಣ ಸೂಜಿ. ಯಾವ ಆಪರೇಶನ್ ಆದರೂ ಮೊದಲೇ ಹೇಳಬೇಕು. ಹೀಗೆ ನೋಡಿಕೊಂಡು ಮಕ್ಕಳು ಮರಿ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ ಎಂದರು. ತಿಳಿ ಗುಲಾಬಿ ಎಂದೂ ಹೇಳಿದರು.

ಹೊರಗೆ ಬಂದು ಋತುಜಾ ಅಲ್ಲಿಂದಲೇ ಅತುಲನಿಗೆ ಫೋನು ಮಾಡಿ, ವೇಣೂ ಅತ್ಯಾನ ಕಾಲು, ದೋಷದ ಮಾತು ಸೇರಿ ಎಲ್ಲ ಹೇಳಿದಳು. ಅತ್ತಲಿಂದ ಅವನು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ.

ಉತ್ತರ ಮೂರು ದಿನಕ್ಕೆ ಬಂತು, ಅವನ ತಾಯಿಯಿಂದ. ನಿಮ್ಮ ಮನೆತನಕ್ಕೆ ನಾಗದೋಷ ಇದ್ದದ್ದು ನಮಗೆ ತಿಳಿಸಲಿಲ್ಲ, ಆದದ್ದಾಯಿತು, ಇನ್ನೊಮ್ಮೆ ನಾಗಪ್ರತಿಷ್ಠೆ ಮಾಡಿಸಿ ಶಾಂತಿ ಮಾಡಿಬಿಡಿ, ನಮ್ಮದೇನೂ ತಕರಾರಿಲ್ಲ ಎಂದರು. ರಾಯರು ಫೋನು ಇಟ್ಟು ಪಂಚಾಂಗಕ್ಕೆ ಕೈ ಹಾಕಿದರು. ಅವರ ಮುಖ ತಿಳಿಯಾಗಿತ್ತು.

ಗೋದಾಬಾಯಿ ಅಡಿಗೆಮನೆಯಿಂದ ಹೊರಗೆ ಬಂದು ಪಂಚಾಂಗ ಕಸಿದುಕೊಂಡರು. ಆ ರವಿವಾರದ ನಂತರ ಗಂಡನಿಗೆ ಅವರು ಆಡಿದ ಮೊದಲ ಮಾತದು.

"ನಾಗಪ್ಪ ನಿಮಗೇನು ಮಾಡ್ಯಾನರಿ? ನಮ್ಮನಿ ರೋಗೆಲ್ಲಾ ಅವನ ಲೆಕ್ಕಕ್ಕ ಹಚ್ಚಿದ್ದು ಸಾಕು. ಒಮ್ಮೆ ಶಾಂತಿ ಮಾಡಿ ಸುಮ್ಮ ಕೂತಿದ್ದಕ್ಕ ನನ್ನ ಮಗಾ ಹೋದ."

ಹಾಗೆಂದು ತಾವೇ ಅತುಲನ ತಾಯಿಗೆ ಫೋನು ಹಚ್ಚಿದರು. ಶಾಂತಿ ಮಾಡಿಸುವುದಿಲ್ಲ, ಹುಡುಗಿಗೆ ಗುಳಿಗೆಯನ್ನೂ ನುಂಗಿಸುವುದಿಲ್ಲ, ಆ ಮುಹೂರ್ತಕ್ಕೆ ಆಕೆ ಹೊರಗೆ ಆಗುತ್ತಾಳೆ, ಬೇರೆ ಮುಹೂರ್ತ ನೋಡಿ, ಇಲ್ಲವಾದರೆ ಬಿಡಿ ಎಂದರು. ರಾಯರು ತಲೆಯ ಮೇಲೆ ಕೈ ಹೊತ್ತು ಕೂತರು. ಆ ತಾಯಿ ಫೋನು ಕೆಳಗಿಟ್ಟುಬಿಟ್ಟರು.

ಮರುವಾರ ಅತುಲ ಒಬ್ಬನೇ ಬಂದ. ಪ್ರಾಚಿ ಕೊಟ್ಟ ಉಪ್ಪಿಟ್ಟು ತಿಂದ. ಡಾಕ್ಟರನ್ನು ತಾನೂ ನೋಡಬೇಕು ಎಂದ. ಋತುಜಾ ಕರೆದುಕೊಂಡು ಹೋದಳು. ತಿರುಗಿ ಬಂದು ಅವನು ಗೋದಾಬಾಯಿಗೆ, ತಿಂಗಳು ಮುಂದೆ ಹಾಕೋಣ, ಅವ್ವ ಬಂದರೆ ಮಂಗಲಕಾರ್ಯಾಲಯದಲ್ಲಿ, ಬಾರದಿದ್ದರೆ ರಿಜಿಸ್ಟರ್ ಕಚೇರಿಯಲ್ಲಿ ಎಂದು ಹೇಳಿ ಹೋದ. ತಾಯಿ ಇನ್ನೂ ಬರುತ್ತೇನೆ ಎಂದಿಲ್ಲ. ಸೀರೆಗಳು ಟ್ರಂಕಿನಲ್ಲಿವೆ.

ಒಂದು ಕೆಲಸ ಉಳಿದಿತ್ತು. ವೇಣೂಬಾಯಿಯ ಕಾಲು ಈಗಲೂ ಬಾತುಕೊಂಡೇ ಇದ್ದರೆ ಅವರನ್ನೂ ಕರೆದುಕೊಂಡು ಬರಬೇಕು, ಔಷಧ ಬೇಕಾಗಬಹುದು ಎಂದು ವಾಣಿಶ್ರೀ ಎರಡು ಸಲ ಹೇಳಿದ್ದರು. ಗರಗಕ್ಕೆ ಹೋಗಿ ಹೇಳುವವರು ಯಾರು ಎಂಬ ಮಾತು ಬಂದಾಗ ರಾಯರು, ನಾನು ಯಾವ ಬಾಯಿಂದ ಹೇಳಲಿ ಎಂದರು. ಸ್ವಲ್ಪ ಹೊತ್ತಿಗೆ ಮಿಲಿಂದನ ಕಪಾಟು ತೆಗೆದು ಒಂದು ಅರಿವೆಯ ಚೀಲ ತಂದು ಪ್ರಾಚಿಯ ಮುಂದಿಟ್ಟರು. ಒಳಗೆ ನೂಲು ತೂಗುವ ಸಣ್ಣ ಹಿತ್ತಾಳೆ ತಕ್ಕಡಿ, ಅದರ ತೂಕದ ಬಟ್ಟುಗಳ ಡಬ್ಬಿ. ಆಲೂಗಡ್ಡೆ, ಬೇಳೆ ಎಲ್ಲ ಗ್ರಾಂ ಲೆಕ್ಕದಲ್ಲಿ ತಿನ್ನಬೇಕೆಂದು ಡಾಕ್ಟರು ಹೇಳಿದ ಹೊಸದರಲ್ಲಿ ಮಿಲಿಂದ ಅತ್ಯಾನಿಂದ ಕಡ ತಂದದ್ದು.

"ಇದನ್ನ ಕೊಡಲಿಕ್ಕೆ ಬಂದೆ ಅಂತ ಹೇಳು. ಮಾತಿಗೆ ಮಾತು ಬಂದಂಗಾಗ್ತದ," ಎಂದರು.

"ನೆಪ ಯಾಕ?" ಎಂದರು ಗೋದಾಬಾಯಿ ಒಳಗಿನಿಂದ. "ಖರೇ ಹೇಳಲಿಕ್ಕೇ ಹೋಗ್ಲಿ."

ಗರಗದಲ್ಲಿ ವೇಣೂಬಾಯಿಯ ಮನೆ ಎರಡು ಅಂಕಣದ್ದು. ಕೇಂದ್ರದ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ನೂಲುವ ಹಂಜಿಯ ಬುಟ್ಟಿ ಬಾಗಿಲ ಬಳಿಯೇ ಇತ್ತು. ಎಡಗಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದರು. ಮೊಳಕಾಲಿನ ಕೆಳಗೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಪ್ರಾಚಿ ಚೀಲವನ್ನು ಮಗ್ಗುಲಿಗಿಟ್ಟು, ನೀರು ಕುಡಿದು, ಬಂದ ಕಾರಣವನ್ನೇ ಮೊದಲು ಹೇಳಿದಳು. ಯಾವುದನ್ನೂ ಬಿಡಲಿಲ್ಲ.

ವೇಣೂಬಾಯಿ ಕೇಳಿ ಮುಗಿಸಿ ಕಾಲಿನ ಮೇಲೆ ಸೀರೆ ಎಳೆದುಕೊಂಡರು.

"ಆ ನಾಕೂ ಇದರಿಂದಲೇ ಹ್ವಾದ್ವೇನು?"

"ಇರಬಹುದು ಅಂತಾರ ಅತ್ಯಾ. ರಕ್ತಾ ನೋಡಿದ ಮ್ಯಾಲ ಗೊತ್ತಾಗ್ತದ."

"ಅವತ್ತಿಂದ ಪ್ರತಿ ಪಂಚಮಿಗೆ ನೀರು ಸೈತ ಮುಟ್ಟಿಲ್ಲ ನಾ. ಹುತ್ತ ಕಡಿದವರು ಯಾರೋ, ನನಗ ಗೊತ್ತೂ ಇಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಮಿಲಿಂದ ಕೇಳಿದ್ದ ನೋಡು. ಇಲ್ಲೇ ಕೂತು. ಅತ್ಯಾ, ಖರೇ ಹೇಳು, ಕಾಲಿಗೆ ಏನಾಗಿತ್ತು ಅಂತ. ನಾ ಹೊಸ್ತಿಲಾ ಎಡವಿದೆ ಅಂದೆ. ಹಂಗೇ ಹೇಳಬೇಕಂತ ಹೇಳಿದ್ರಲ್ಲಾ, ಅದೇ ಬಾಯಿಗೆ ಬಂತು."

ಪ್ರಾಚಿ ಏನೋ ಹೇಳಲು ಹೋದಳು. ಅಷ್ಟು ದಿನ ಒಣಗಿದ್ದ ಕಣ್ಣು ಅಲ್ಲಿ ಕೂತಲ್ಲೇ ತುಂಬಿ ಬಂದವು. ವೇಣೂಬಾಯಿ ಹಂಜಿಯ ಬುಟ್ಟಿ ಸರಿಸಿ, ಅವಳ ಬೆನ್ನ ಮೇಲೆ ಕೈಯಿಟ್ಟು, ಅವಳು ಅತ್ತು ಮುಗಿಸುವ ತನಕ ಸವರುತ್ತ ಕೂತರು.

"ನಾಳಿಗೆ ನಾ ಬರತೀನಿ ಕರಕೊಂಡು ಹೋಗಲಿಕ್ಕೆ," ಎಂದಳು ಪ್ರಾಚಿ ಮುಖ ಒರೆಸಿಕೊಂಡು. "ಮುಂಜಾನೆ."

"ಉಪವಾಸ ಇರಬೇಕೇನು?"

"ಇಲ್ಲತ್ಯಾ. ಉಂಡು ತಯಾರಾಗಿರ್ರಿ."

ಆಮೇಲೆ ಅವಳು ಚೀಲ ಬಿಚ್ಚಿದಳು. ತಕ್ಕಡಿಯ ದಾರಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು, ಕೂತು ಬಿಡಿಸಿದಳು. ಬಟ್ಟುಗಳ ಡಬ್ಬಿಯನ್ನು ಮುಂದಿಟ್ಟಳು.

"ನಿಮ್ಮದು. ಅವರು ತಂದಿದ್ದು. ಬಟ್ಟು ಎಲ್ಲಾ ಅದಾವೇನು ನೋಡಿಕೊಳ್ರಿ ಅತ್ಯಾ."

ವೇಣೂಬಾಯಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ತಕ್ಕಡಿ, ಡಬ್ಬಿ ಎರಡನ್ನೂ ಎತ್ತಿ ಹಿಂದಿನ ಗೂಡಿನಲ್ಲಿಟ್ಟರು.

"ಅವ ಒಯ್ದದ್ದು," ಎಂದರು. "ಅದರಾಗ ನೋಡೂದೇನದ?"